ಸೂಜಿಯ ಮರುದಿನದ ಜ್ವರ

ಮಗುವಿಗೆ ಲಸಿಕೆ ಹಾಕಿಸದ ತಂದೆತಾಯಿಯರಲ್ಲಿ ಖಡಾಖಂಡಿತವಾಗಿ ‘ಬೇಡ’ ಎನ್ನುವವರು ಕಡಿಮೆ. ‘ಈ ವಾರ ಬೇಡ’ ಎನ್ನುವವರೇ ಹೆಚ್ಚು. ಮೂಡಿಗೆರೆ ತಾಲ್ಲೂಕಿನ ಗೋಣಿಬೀಡು ಹೋಬಳಿಯಂಥ ಕಾಫಿ ಸೀಮೆಯಲ್ಲಿ ಈ ಮುಂದೂಡಿಕೆಯ ಹಿಂದೆ ತೋಟದ ಬದುಕಿನ ಲೆಕ್ಕಾಚಾರವಿರುತ್ತದೆ. ಆರು, ಹತ್ತು, ಹದಿನಾಲ್ಕನೇ ವಾರಗಳಲ್ಲಿ ಕೊಡುವ ಪೆಂಟಾವಲೆಂಟ್ ಚುಚ್ಚುಮದ್ದಿನ ಬಳಿಕ ಒಂದೆರಡು ದಿನ ಜ್ವರ ಬರಬಹುದು, ತೊಡೆ ಊದಿ ಗಟ್ಟಿಯಾಗಬಹುದು. ಅದರಲ್ಲಿರುವ ನಾಯಿಕೆಮ್ಮಿನ ಅಂಶವೇ ಹೆಚ್ಚಾಗಿ ಇದಕ್ಕೆ ಕಾರಣ. ತೋಟದ ಕೂಲಿಕಾರರ ಲೈನ್ ಮನೆಯ ತಾಯಿಗೆ ಮಾತ್ರ ಅದು ರಾತ್ರಿಯಿಡೀ ಅಳುವ ಮಗು, ಮರುದಿನ ತಪ್ಪುವ ಕೂಲಿ. ಕಾಫಿ ಕೊಯ್ಲಿನ ದಿನಗಳಲ್ಲಂತೂ ಒಂದು ದಿನದ ಸಂಬಳವೂ ದೊಡ್ಡದೇ. ಆಡಿಕೊಂಡಿದ್ದ ಮಗುವಿಗೆ ಇಲ್ಲದ ಜ್ವರ ತರಿಸಿದಿರಿ ಎಂದು ಮನೆಯ ಹಿರಿಯರು ಅಂದುಬಿಟ್ಟರೆ ಮುಂದಿನ ಡೋಸ್ ಅಲ್ಲಿಗೇ ನಿಲ್ಲುತ್ತದೆ. ಜ್ವರ ಬರಬಹುದು, ಬಂದರೆ ಪ್ಯಾರಸಿಟಮಾಲ್ ಇಷ್ಟು ಕೊಡಿ ಎಂದು ಆಶಾ ಕಾರ್ಯಕರ್ತೆ ಮೊದಲೇ ಹೇಳಿಹೋಗಿದ್ದರೆ ಅದೇ ಜ್ವರ ಅಷ್ಟು ಹೆದರಿಸುವುದಿಲ್ಲ.

ಅಸ್ಸಾಂ, ಪಶ್ಚಿಮ ಬಂಗಾಳಗಳಿಂದ ತೋಟದ ಕೆಲಸಕ್ಕೆ ಬರುವ ಕುಟುಂಬಗಳ ತೊಡಕು ಬೇರೆ. ಕನ್ನಡ ಬಾರದು, ಮಗುವಿನ ಲಸಿಕೆ ಕಾರ್ಡ್ ಊರಲ್ಲೇ ಉಳಿದಿರುತ್ತದೆ, ಕೊಯ್ಲು ಮುಗಿದರೆ ಬಿಡಾರ ಮತ್ತೆಲ್ಲಿಗೋ. ಇವರನ್ನೂ ‘ನಿರಾಕರಿಸಿದವರು’ ಎಂದು ಬರೆದುಕೊಳ್ಳುವುದು ಅನ್ಯಾಯ.

ನೇರ ನಿರಾಕರಣೆ ಎದ್ದು ಕಂಡದ್ದು 2017ರ ಫೆಬ್ರವರಿಯಲ್ಲಿ, ಕರ್ನಾಟಕದಲ್ಲಿ ದಡಾರ-ರುಬೆಲ್ಲಾ ಅಭಿಯಾನ ಶುರುವಾದಾಗ. ಒಂಬತ್ತು ತಿಂಗಳಿಂದ 15 ವರ್ಷದೊಳಗಿನ ಎಲ್ಲ ಮಕ್ಕಳಿಗೂ, ಹಿಂದೆ ಹಾಕಿಸಿದ್ದರೂ ಸಹ, ಒಂದು ಡೋಸ್ ಕೊಡಬೇಕಿತ್ತು. ಹಾಕಿಸಿದ ಮಗುವಿಗೆ ಮತ್ತೇಕೆ ಎಂಬುದು ನ್ಯಾಯವಾದ ಪ್ರಶ್ನೆ. ಒಂಬತ್ತನೇ ತಿಂಗಳ ಒಂದೇ ಡೋಸ್ ನೂರರಲ್ಲಿ ಸುಮಾರು 15 ಮಕ್ಕಳಿಗೆ ರಕ್ಷಣೆ ಕೊಡದು ಎಂಬುದು ಅದಕ್ಕೆ ಉತ್ತರ. ಆ ಉತ್ತರಕ್ಕಿಂತ ಮೊದಲು ಪೋಷಕರನ್ನು ಮುಟ್ಟಿದ್ದು ವಾಟ್ಸ್‌ಆ್ಯಪ್‌ನ ಸುಳ್ಳು ಸಂದೇಶಗಳು. ದಡಾರದ ಲಸಿಕೆಯಿಂದ ಆಟಿಸಂ ಬರುತ್ತದೆ ಎಂದು ಜಗತ್ತಿನೆಲ್ಲೆಡೆ ಹರಡಿರುವ ಭಯದ ಬೇರು 1998ರಲ್ಲಿ ಬ್ರಿಟನ್‌ನ ಆ್ಯಂಡ್ರ್ಯೂ ವೇಕ್‌ಫೀಲ್ಡ್ ಕೇವಲ 12 ಮಕ್ಕಳನ್ನು ಮುಂದಿಟ್ಟು ಬರೆದ ಪ್ರಬಂಧದಲ್ಲಿದೆ. ಅದನ್ನು ಪ್ರಕಟಿಸಿದ್ದ ‘ಲ್ಯಾನ್ಸೆಟ್’ ವೈದ್ಯಕೀಯ ಪತ್ರಿಕೆಯೇ 2010ರಲ್ಲಿ ಹಿಂತೆಗೆದುಕೊಂಡಿತು. ಆತನ ವೈದ್ಯ ನೋಂದಣಿಯೂ ರದ್ದಾಯಿತು.

ಮಲೆನಾಡಿನವರ ಅನುಮಾನಕ್ಕೆ ಸ್ವಂತ ಅನುಭವದ ಆಧಾರವೂ ಉಂಟು. ಮಂಗನ ಕಾಯಿಲೆಯ ಲಸಿಕೆಗೆ ತಿಂಗಳ ಅಂತರದಲ್ಲಿ ಎರಡು ಡೋಸ್, ಆಮೇಲೆ ಮತ್ತೆ ಮತ್ತೆ ಬೂಸ್ಟರ್. ಚುಚ್ಚಿದಲ್ಲಿ ವಿಪರೀತ ನೋವು. ಹಾಕಿಸಿಕೊಂಡವರಲ್ಲೂ ಕೆಲವರಿಗೆ ಕಾಯಿಲೆ ಬಂತು. ಕೊನೆಗೆ 2022ರಲ್ಲಿ ಅದನ್ನು ನಿಲ್ಲಿಸಲಾಯಿತು. ಆ ಲಸಿಕೆಯ ದೌರ್ಬಲ್ಯವನ್ನು ಮುಚ್ಚಿಡದೆ ಒಪ್ಪಿಕೊಂಡೇ ಮಕ್ಕಳ ಲಸಿಕೆಯ ಮಾತಿಗೆ ಬರಬೇಕು: ಎರಡು ಡೋಸ್ ಪೂರ್ಣವಾದರೆ ದಡಾರದ ಲಸಿಕೆ ನೂರರಲ್ಲಿ ಸುಮಾರು 97 ಮಂದಿಯನ್ನು ಕಾಯುತ್ತದೆ.

ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, ಒಂದರಿಂದ ಎರಡು ವರ್ಷದೊಳಗಿನ ಮಕ್ಕಳಲ್ಲಿ ಎಲ್ಲ ಮೂಲ ಲಸಿಕೆ ಪಡೆದವರ ಪ್ರಮಾಣ ಕರ್ನಾಟಕದಲ್ಲಿ 2015-16ರಲ್ಲಿ ಶೇ 62.6 ಇದ್ದದ್ದು 2019-21ರ ಸುತ್ತಿನಲ್ಲಿ ಶೇ 84.1ಕ್ಕೆ ಏರಿತು. ದಡಾರ ಹರಡದಂತೆ ತಡೆಯಲು ಶೇ 95ರಷ್ಟು ಮಕ್ಕಳಿಗೆ ರಕ್ಷಣೆ ಬೇಕು. ಲಸಿಕೆ ಪೂರ್ಣವಾಗದ ಮಕ್ಕಳಲ್ಲಿ ಹಲವರು ಒಂದೆರಡು ಡೋಸ್ ತಪ್ಪಿಸಿಕೊಂಡವರು. ಅಂಥ ಮಗುವಿಗೆ ಮೊದಲಿನಿಂದ ಶುರುಮಾಡಬೇಕಿಲ್ಲ; ನಿಂತಲ್ಲಿಂದ ಮುಂದುವರಿಸಿದರಾಯಿತು. ದಡಾರ-ರುಬೆಲ್ಲಾ ಲಸಿಕೆಯನ್ನು ಐದು ವರ್ಷದವರೆಗೂ ಡಿಪಿಟಿಯನ್ನು ಏಳು ವರ್ಷದವರೆಗೂ ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ಉಚಿತವಾಗಿ ಕೊಡುತ್ತಾರೆ, ಕಾರ್ಡ್ ಕಳೆದುಹೋಗಿದ್ದರೂ.