ಸೋಲಾರಿನ ಮೈತೊಳೆಯುವಾಗ

ಗೋಕಾಕ, ಮೂಡಲಗಿ, ಹುಕ್ಕೇರಿ ಕಡೆಯ ಸೋದರಿಯರಿಗೆ ಕಬ್ಬಿನ ಹಂಗಾಮಿನ ಕರಿಬೂದಿ ಹೊಸದೇನಲ್ಲ. ಒಣಹಾಕಿದ ಸೀರೆಯಾದರೆ ಝಾಡಿಸಿದರಾಯ್ತು. ಮಾಳಿಗೆಯ ಸೋಲಾರ್ ಪ್ಯಾನೆಲ್ ಮೇಲೆ ಕೂತ ಬೂದಿ, ಧೂಳು ಮಾತ್ರ ಇಬ್ಬನಿಗೆ ನೆನೆದು, ಬಿಸಿಲಿಗೆ ಒಣಗಿ ಗಚ್ಚಾಗಿಬಿಡುತ್ತದೆ. ಬಿಸಿಲೆಷ್ಟಿದ್ದರೇನು, ಕರೆಂಟು ಕಡಿಮೆಯೇ. ಪಾರಿವಾಳದ ಹಿಕ್ಕೆ ಇನ್ನೂ ಕೆಟ್ಟದ್ದು. ಅದು ಬಿದ್ದಷ್ಟೇ ಜಾಗ ಕಾದು ಪ್ಯಾನೆಲ್ ಸುಡುವುದುಂಟು.

ತೊಳೆಯುವುದಾದರೆ ಸ್ವಿಚ್ಚು ಆರಿಸಿ, ಬೆಳಗಿನ ತಂಪಿನಲ್ಲೇ ತೊಳೆಯಿರಿ. ಕಾದ ಗಾಜಿಗೆ ತಣ್ಣೀರು ಬಿದ್ದರೆ ಬಿರಿದೀತು! ಮೊದಲು ನೀರು ಸುರಿದು ಧೂಳು ಇಳಿಸಿ, ಆಮೇಲೆ ಹಳೇ ಧೋತರದ ಮೆತ್ತನೆ ಅರಿವೆಯಿಂದ ಒರೆಸಿ. ಪಾತ್ರೆ ತಿಕ್ಕುವ ಪುಡಿ, ನಾರು ಬೇಡವೇ ಬೇಡ, ಗೀರು ಬೀಳುತ್ತದೆ. ಬೋರಿನ ಸವಳು ನೀರು ಒಣಗಿದರೆ ಬಿಳಿ ಕಲೆ ಉಳಿಯುತ್ತದೆ; ಹಿಡಿದಿಟ್ಟ ಮಳೆನೀರಿದ್ದರೆ ಒಳ್ಳೆಯದು, ಇಲ್ಲವಾದರೆ ಕೂಡಲೇ ಒರೆಸಿಬಿಡಿ. ಪ್ಯಾನೆಲ್ ಮೇಲೆ ಕಾಲಿಡಬೇಡಿ, ಮಕ್ಕಳನ್ನೂ ಹತ್ತಿಸಬೇಡಿ. ಗಾಜು ಬಿರಿದದ್ದು ಕಂಡರೆ ನೀರು ಹಾಕದೆ, ಕೂಡಿಸಿದವರನ್ನೇ ಕರೆಸಿ.