ತಿಳಿನೀರು ನಿರ್ಮಲವೇ?
ಕಡಲ ಮೀನುಗಳ ತೊಟ್ಟಿಗೆ ಶೋಧಕವನ್ನು ಆರಿಸುವ ಬಗೆ

ನೀರು ತಿಳಿಯಾಗಿದ್ದರೆ ಅದು ನಿರ್ಮಲವೂ ಆಗಿರುವುದೆಂದು ಭಾವಿಸುವುದು ನಮ್ಮೆಲ್ಲರ ವಾಡಿಕೆ. ಈ ನಂಬಿಕೆ ಎಷ್ಟು ಅಪಾಯಕರವೆಂಬುದನ್ನು ನಾನು ಕಲಿತದ್ದು ಯಾವ ಗ್ರಂಥದಿಂದಲೂ ಅಲ್ಲ. ಆರು ಮೀನುಗಳ ಸಾವಿನಿಂದ. ಕೆಲವು ವರ್ಷಗಳ ಹಿಂದೆ ನಮ್ಮ ವಿದ್ಯಾರ್ಥಿಗಳು ವಿಜ್ಞಾನ ಪ್ರದರ್ಶನಕ್ಕೆಂದು ಪ್ರಯೋಗಶಾಲೆಯ ಮೂಲೆಯಲ್ಲಿ ಉಪ್ಪುನೀರಿನ ತೊಟ್ಟಿಯೊಂದನ್ನು ಸಿದ್ಧಪಡಿಸಿದರು. ಅಂಗಡಿಯಲ್ಲಿದ್ದ ಅತಿ ದೊಡ್ಡ ಫಿಲ್ಟರನ್ನೇ ನಾನು ಆರಿಸಿ ತಂದೆ. ಎರಡೇ ದಿನಗಳಲ್ಲಿ ನೀರು ಸ್ಫಟಿಕದಂತಾಯಿತು. ಮೂರನೆಯ ದಿನ ಕಿತ್ತಳೆ ಬಣ್ಣದ ಆರು ಕ್ಲೌನ್ ಮೀನುಗಳನ್ನು ಅದರಲ್ಲಿ ಬಿಟ್ಟೆವು. ಹತ್ತು ದಿನ ಕಳೆಯುವಷ್ಟರಲ್ಲಿ ಒಂದೂ ಉಳಿದಿರಲಿಲ್ಲ. ನೀರು ಮಾತ್ರ ಆಗಲೂ ಸ್ಫಟಿಕದಂತೆಯೇ ಇತ್ತು!

ತಪ್ಪು ಯಂತ್ರದ್ದಲ್ಲ, ನನ್ನದು. ‘ಎಷ್ಟು ದೊಡ್ಡ ಫಿಲ್ಟರು ಬೇಕು?’ ಎಂದು ಕೇಳಿದೆನೇ ಹೊರತು, ‘ಅದು ಸೋಸಬೇಕಾದದ್ದು ಏನನ್ನು?’ ಎಂದು ಕೇಳಲಿಲ್ಲ. ಈ ಎರಡನೆಯ ಪ್ರಶ್ನೆಗೆ ಉತ್ತರ ದೊರೆತರೆ ಮೊದಲನೆಯದು ಬರಿಯ ಲೆಕ್ಕವಾಗುತ್ತದೆ. ಆ ಲೆಕ್ಕವನ್ನು ಈಗ ಮಾಡಿ ನೋಡೋಣ.

ಕಾಣದ ವಿಷ

2 ಮೀಟರ್ ಉದ್ದ, 70 ಸೆಂಟಿಮೀಟರ್ ಅಗಲ, 70 ಸೆಂಟಿಮೀಟರ್ ಎತ್ತರವಿರುವ ತೊಟ್ಟಿಯೊಂದನ್ನು ಊಹಿಸಿಕೊಳ್ಳಿ. ಅದರಲ್ಲಿ ಸುಮಾರು 1000 ಲೀಟರ್ ನೀರು ಹಿಡಿಯುತ್ತದೆ. ಅದರ ಮೀನುಗಳಿಗೆ ದಿನಕ್ಕೆ 10 ಗ್ರಾಂ ಒಣ ಆಹಾರ ಹಾಕುತ್ತೇವೆನ್ನಿ. ಅದರಲ್ಲಿ ಪ್ರೋಟೀನಿನ ಅಂಶ 4.5 ಗ್ರಾಂ ಎಂದಿಟ್ಟುಕೊಳ್ಳೋಣ. ಪ್ರೋಟೀನಿನ ತೂಕದಲ್ಲಿ ನೂರಕ್ಕೆ ಸುಮಾರು 16 ಪಾಲು ಸಾರಜನಕ, ಎಂದರೆ 0.72 ಗ್ರಾಂ. ಇದರಲ್ಲಿ ಅರ್ಧವು ಮೀನಿನ ಕಿವಿರುಗಳ ಮೂಲಕ ಅಮೋನಿಯವಾಗಿ ಹೊರಬಿದ್ದರೂ, ಪ್ರತಿ ಲೀಟರಿಗೆ ದಿನಕ್ಕೆ 0.36 ಮಿಲಿಗ್ರಾಂ ಸಾರಜನಕ ಸೇರಿದಂತಾಯಿತು. ವಾರಕ್ಕೆ ಇದು 2.5 ಮಿಲಿಗ್ರಾಂ.

ನೀರಿನಲ್ಲಿ ಅಮೋನಿಯ ಎರಡು ರೂಪಗಳಲ್ಲಿರುತ್ತದೆ: ವಿದ್ಯುದಂಶವುಳ್ಳ ಅಮೋನಿಯಮ್ ಅಯಾನು ಒಂದು, ವಿದ್ಯುದಂಶವಿಲ್ಲದ ಮುಕ್ತ ಅಮೋನಿಯ ಇನ್ನೊಂದು. ಕಿವಿರನ್ನು ಸುಲಭವಾಗಿ ದಾಟಿ ಮೀನನ್ನು ಕೊಲ್ಲುವುದು ಈ ಎರಡನೆಯದು. ಪಿಎಚ್ 7 ಇರುವ ಸಿಹಿನೀರಿನಲ್ಲಿ ಅದರ ಪಾಲು ನೂರಕ್ಕೆ ಅರ್ಧದಷ್ಟು ಮಾತ್ರ. ಕಡಲನೀರಾದರೋ ಸ್ವಲ್ಪ ಕ್ಷಾರೀಯ. ಅದರ ಪಿಎಚ್ ಸುಮಾರು 8.2, ಅಲ್ಲಿ ಮುಕ್ತ ಅಮೋನಿಯದ ಪಾಲು ನೂರಕ್ಕೆ ಏಳರಷ್ಟಾಗುತ್ತದೆ. ಹತ್ತು ಪಟ್ಟಿಗೂ ಮಿಗಿಲಾದ ವ್ಯತ್ಯಾಸ! ಲೀಟರಿಗೆ 0.1 ಮಿಲಿಗ್ರಾಂ ಮುಕ್ತ ಅಮೋನಿಯವೂ ಅನೇಕ ಮೀನುಗಳಿಗೆ ಹಾನಿಕರ. ನಮ್ಮ ಲೆಕ್ಕದ ತೊಟ್ಟಿಯಲ್ಲಿ ವಾರದ ಕೊನೆಗೆ ಅದು 0.17 ಮಿಲಿಗ್ರಾಂ ಆಗಿರುತ್ತದೆ. ಇಂತಹ ವಿಷ ಕಣ್ಣಿಗೆ ಕಾಣದು. ಯಾವ ಬಟ್ಟೆಯೂ, ಸ್ಪಂಜೂ ಅದನ್ನು ತಡೆದು ನಿಲ್ಲಿಸಲಾರದು.

ಇದರೊಡನೆ ಇನ್ನೊಂದು ಕೊರತೆಯೂ ಉಂಟು. 25 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಒಂದು ಲೀಟರ್ ಸಿಹಿನೀರು ಗಾಳಿಯಿಂದ ಸುಮಾರು 8.2 ಮಿಲಿಗ್ರಾಂ ಆಮ್ಲಜನಕವನ್ನು ಕರಗಿಸಿಕೊಳ್ಳಬಲ್ಲುದು, ಕಡಲನೀರು 6.8 ಮಿಲಿಗ್ರಾಂ ಮಾತ್ರ. ವಿಷ ಹೆಚ್ಚು, ಉಸಿರು ಕಡಿಮೆ. ಕಡಲ ಮೀನಿನ ತೊಟ್ಟಿಯ ಕಷ್ಟವೆಲ್ಲ ಈ ಎರಡು ಮಾತುಗಳಲ್ಲಿ ಅಡಗಿದೆ.

ಕೆಲಸಗಾರರು ಯಾರು?

ಹಾಗಾದರೆ ಅಮೋನಿಯವನ್ನು ತೆಗೆಯುವವರು ಯಾರು? ಬ್ಯಾಕ್ಟೀರಿಯ ಮೊದಲಾದ ಸೂಕ್ಷ್ಮಜೀವಿಗಳು. ಒಂದು ಗುಂಪು ಅಮೋನಿಯವನ್ನು ನೈಟ್ರೈಟ್ ಆಗಿ ಮಾಡುತ್ತದೆ. ಇನ್ನೊಂದು ನೈಟ್ರೈಟನ್ನು ಅಷ್ಟಾಗಿ ಅಪಾಯವಿಲ್ಲದ ನೈಟ್ರೇಟ್ ಆಗಿ ಪರಿವರ್ತಿಸುತ್ತದೆ. ರಷ್ಯದ ವಿಜ್ಞಾನಿ ಸೆರ್ಗೇ ವಿನೊಗ್ರಾಡ್‌ಸ್ಕಿ 1890ರ ಸುಮಾರಿನಲ್ಲಿ ಈ ರಹಸ್ಯವನ್ನು ಬಿಡಿಸಿದನು. ಆದುದರಿಂದ ಫಿಲ್ಟರೆಂಬುದು ವಾಸ್ತವವಾಗಿ ಜರಡಿಯಲ್ಲ. ಈ ಜೀವಿಗಳಿಗೆ ನಾವು ಕಟ್ಟಿಕೊಡುವ ವಸತಿ. ಅವು ಅಂಟಿಕೊಳ್ಳಲು ವಿಶಾಲವಾದ ಮೇಲ್ಮೈ ಬೇಕು. ಉಸಿರಾಡಲು ಧಾರಾಳವಾದ ಆಮ್ಲಜನಕ ಬೇಕು. ರಂಧ್ರಮಯವಾದ ಹವಳಗಲ್ಲು, ಪಿಂಗಾಣಿಯ ಉಂಗುರಗಳು, ಪ್ಲಾಸ್ಟಿಕ್ ಚೆಂಡುಗಳು ಇವೆಲ್ಲ ಈ ಒಂದೇ ಉದ್ದೇಶದವು.

ಕೆಲಸಗಾರರು ಬಂದು ನೆಲೆಸಲು ಕಾಲ ಬೇಕು. ಸಾಮಾನ್ಯವಾದ ಕೆಲವು ಬ್ಯಾಕ್ಟೀರಿಯಗಳು ಅನುಕೂಲವಿದ್ದರೆ 20 ನಿಮಿಷಗಳಲ್ಲಿ ಇಮ್ಮಡಿಯಾಗುತ್ತವೆ. ಈ ಜೀವಿಗಳಿಗಾದರೋ ಅನೇಕ ಗಂಟೆಗಳು, ಕೆಲವೊಮ್ಮೆ ಒಂದು ದಿನಕ್ಕೂ ಹೆಚ್ಚು ಬೇಕು. ಹೊಸ ತೊಟ್ಟಿ ಹದಕ್ಕೆ ಬರಲು ಸಾಮಾನ್ಯವಾಗಿ ನಾಲ್ಕರಿಂದ ಆರು ವಾರಗಳು ಹಿಡಿಯುತ್ತವೆ. ನಾನು ಕಾದದ್ದು ಮೂರೇ ದಿನ! ವಸತಿ ಸಿದ್ಧವಾಗಿತ್ತು, ಒಳಗೆ ಯಾರೂ ಇರಲಿಲ್ಲ.

ನೊರೆಯ ಉಪಕಾರ

ವಿಷವನ್ನು ಹುಟ್ಟಿದ ಮೇಲೆ ನಿವಾರಿಸುವುದಕ್ಕಿಂತ ಹುಟ್ಟುವ ಮೊದಲೇ ತೆಗೆದುಹಾಕುವುದು ಲೇಸಲ್ಲವೇ? ಪ್ರೋಟೀನ್ ಸ್ಕಿಮ್ಮರ್ ಎಂಬ ಸಾಧನ ಈ ಕೆಲಸ ಮಾಡುತ್ತದೆ. ಆಲೆಮನೆಯಲ್ಲಿ ಕಬ್ಬಿನ ಹಾಲು ಕುದಿಯುವಾಗ ಕಲ್ಮಷವು ನೊರೆಯಾಗಿ ಮೇಲೇರುವುದನ್ನೂ, ಅದನ್ನು ಎತ್ತಿ ಹೊರಹಾಕುವುದನ್ನೂ ನೀವು ನೋಡಿರಬಹುದು. ಇಲ್ಲಿಯೂ ಹೆಚ್ಚುಕಡಿಮೆ ಹಾಗೆಯೇ. ನೆಟ್ಟಗೆ ನಿಂತ ಕೊಳವೆಯೊಂದರಲ್ಲಿ ನೀರಿನೊಳಕ್ಕೆ ಸಣ್ಣ ಗಾಳಿಗುಳ್ಳೆಗಳನ್ನು ನುಗ್ಗಿಸುತ್ತಾರೆ. ಆಹಾರದ ಶೇಷ, ಲೋಳೆ ಮುಂತಾದವುಗಳಲ್ಲಿರುವ ಅನೇಕ ಅಣುಗಳಿಗೆ ನೀರನ್ನು ಬಯಸುವ ತುದಿಯೊಂದು, ನೀರನ್ನು ದ್ವೇಷಿಸುವ ತುದಿಯೊಂದು. ಅವು ಗುಳ್ಳೆಯ ಮೈಯನ್ನು ಹಿಡಿದು ಮೇಲೇರಿ, ಕಂದು ಬಣ್ಣದ ನೊರೆಯಾಗಿ ಮೇಲಿನ ಬಟ್ಟಲಿಗೆ ಬೀಳುತ್ತವೆ.

ಇಲ್ಲಿ ಗುಳ್ಳೆಯ ಗಾತ್ರವೇ ಮುಖ್ಯ. ಒಂದು ಲೀಟರ್ ಗಾಳಿಯನ್ನು 1 ಮಿಲಿಮೀಟರ್ ವ್ಯಾಸದ ಗುಳ್ಳೆಗಳಾಗಿ ಒಡೆದರೆ ಅವುಗಳ ಒಟ್ಟು ಮೇಲ್ಮೈ 6 ಚದರ ಮೀಟರ್. ಅರ್ಧ ಮಿಲಿಮೀಟರಿನ ಗುಳ್ಳೆಗಳಾಗಿ ಒಡೆದರೆ 12 ಚದರ ಮೀಟರ್. ಗಾಳಿ ಅಷ್ಟೇ, ಫಲ ಇಮ್ಮಡಿ. ಕಡಲನೀರಿನಲ್ಲಿ ಲವಣವು ಗುಳ್ಳೆಗಳನ್ನು ಒಂದಕ್ಕೊಂದು ಕೂಡಿಕೊಳ್ಳಗೊಡದು. ಆದುದರಿಂದ ಅವು ಸಣ್ಣವಾಗಿಯೇ ಉಳಿಯುತ್ತವೆ. ಸಿಹಿನೀರಿನಲ್ಲಿ ಈ ಸಾಧನ ಅಷ್ಟಾಗಿ ಸಾಗದಿರುವುದಕ್ಕೆ ಇದೊಂದು ಮುಖ್ಯ ಕಾರಣ. ಜೊತೆಗೆ ನೀರಿಗೆ ಆಮ್ಲಜನಕವೂ ಸೇರುತ್ತದೆ.

ಸಂಪು ಮತ್ತು ಪಂಪು

ಈ ಸಾಧನಗಳನ್ನೆಲ್ಲ ಇಡುವುದೆಲ್ಲಿ? ಲಂಡನ್ನಿನ ಪ್ರಾಣಿಸಂಗ್ರಹಾಲಯದಲ್ಲಿ 1853ರಲ್ಲಿಯೇ ಸಾರ್ವಜನಿಕ ಮತ್ಸ್ಯಾಲಯ ತೆರೆದಿತ್ತು. 1871ರಲ್ಲಿ ಅದೇ ನಗರದ ಕ್ರಿಸ್ಟಲ್ ಪ್ಯಾಲೇಸಿನ ಮತ್ಸ್ಯಾಲಯದಲ್ಲಿ ವಿಲಿಯಂ ಆಲ್ಫರ್ಡ್ ಲಾಯ್ಡ್ ಎಂಬಾತನು ಪ್ರದರ್ಶನದ ತೊಟ್ಟಿಗಳಿಗಿಂತ ಬಹಳ ದೊಡ್ಡದಾದ ಕತ್ತಲೆಯ ಜಲಾಶಯವೊಂದನ್ನು ನೆಲದಡಿಯಲ್ಲಿರಿಸಿ, ನೀರನ್ನು ಎಡೆಬಿಡದೆ ಸುತ್ತುವಂತೆ ಮಾಡಿದನು. ಇಂದಿನ ದೊಡ್ಡ ತೊಟ್ಟಿಗಳ ಕೆಳಗೆ ಇರಿಸುವ ಎರಡನೆಯ ತೊಟ್ಟಿ ಅದೇ ತತ್ತ್ವದ ಕಿರಿಯ ರೂಪ. ನಮ್ಮ ಮನೆಗಳ ನೆಲದಡಿಯ ನೀರಿನ ತೊಟ್ಟಿಗೆ ನಾವು ಹೇಳುವ ಹೆಸರೇ ಇದಕ್ಕೂ ಇದೆ: ಸಂಪು. ನೀರು ಮೇಲಿನಿಂದ ತುಳುಕಿ ಸಂಪಿಗೆ ಇಳಿದು, ಸ್ಪಂಜು, ಸ್ಕಿಮ್ಮರ್, ಹವಳಗಲ್ಲುಗಳನ್ನು ದಾಟಿ, ಪಂಪಿನಿಂದ ಮತ್ತೆ ಮೇಲೇರುತ್ತದೆ.

ಪಂಪನ್ನು ಕೊಳ್ಳುವವರು ಡಬ್ಬಿಯ ಮೇಲಿನ ಅಂಕಿಗೆ ಮರುಳಾಗಬಾರದು. ‘ಗಂಟೆಗೆ 6000 ಲೀಟರ್’ ಎಂದು ಬರೆದಿದ್ದರೆ ಅದು ನೀರನ್ನು ಮೇಲೆತ್ತದಿರುವಾಗಿನ ಮಾತು. ‘ಗರಿಷ್ಠ ಎತ್ತರ 3 ಮೀಟರ್’ ಎಂದರೆ ಆ ಎತ್ತರದಲ್ಲಿ ನೀರು ಬರುವುದೇ ಇಲ್ಲವೆಂದು ಅರ್ಥ! ಆದುದರಿಂದ ನಮ್ಮ ತೊಟ್ಟಿಗೆ ಬೇಕಾದ ಎತ್ತರದಲ್ಲಿ ದೊರೆಯುವ ನೀರೆಷ್ಟೆಂದು ವಿಚಾರಿಸಬೇಕು. ಗಂಟೆಗೆ 4000 ಲೀಟರನ್ನು ಒಂದೂವರೆ ಮೀಟರ್ ಎತ್ತಲು ಬೇಕಾದ ಶಕ್ತಿ ಸುಮಾರು 16 ವ್ಯಾಟ್. ಪಂಪಿನ ದಕ್ಷತೆ ಮೂರರಲ್ಲೊಂದು ಪಾಲಾದರೆ ವಿದ್ಯುತ್ತು ಸುಮಾರು 50 ವ್ಯಾಟ್, ದಿನಕ್ಕೆ 1.2 ಯೂನಿಟ್. ಹಿತ್ತಾಳೆಯ ನಲ್ಲಿ, ತಾಮ್ರದ ಕೊಳವೆಗಳನ್ನು ಎಲ್ಲಿಯೂ ಬಳಸಕೂಡದು. ಕರಗಿದ ತಾಮ್ರ ಸೀಗಡಿ, ಹವಳ ಮೊದಲಾದವುಗಳಿಗೆ ಮಾರಕ.

ವಿದ್ಯುತ್ತು ನಿಂತರೆ? ನಮ್ಮ ತೊಟ್ಟಿಯ ನೀರಿನ ಮೇಲ್ಮೈ 1.4 ಚದರ ಮೀಟರ್. ನೀರು ಐದೇ ಸೆಂಟಿಮೀಟರ್ ಕೆಳಗಿಳಿದರೂ 70 ಲೀಟರ್ ಸಂಪಿಗೆ ಸುರಿಯುತ್ತದೆ. ಅಷ್ಟು ಜಾಗ ಸಂಪಿನಲ್ಲಿ ಸದಾ ಖಾಲಿ ಇರಬೇಕು; ಇಲ್ಲವಾದರೆ ಕೋಣೆಯೇ ಕಡಲಾದೀತು. ಮುಚ್ಚಿದ ಡಬ್ಬಿಯ ಫಿಲ್ಟರುಗಳಿಗೆ ಬೇರೊಂದು ದೋಷವಿದೆ. ನೀರು ನಿಂತೊಡನೆ ಒಳಗಿನ ಜೀವಿಗಳು ಇದ್ದ ಆಮ್ಲಜನಕವನ್ನೆಲ್ಲ ಮುಗಿಸಿ, ಕೆಲವು ಗಂಟೆಗಳಲ್ಲಿ ಸಾಯತೊಡಗುತ್ತವೆ. ವಿದ್ಯುತ್ತು ಮರಳಿದಾಗ ಆ ಕೊಳೆತ ನೀರು ಮೀನುಗಳ ಮೇಲೆಯೇ ಬೀಳುತ್ತದೆ.

ಕೊನೆಗೆ ಉಳಿಯುವುದು ನೈಟ್ರೇಟ್. ಹವಳಗಲ್ಲಿನ ಒಳಭಾಗದಲ್ಲಿ, ಆಮ್ಲಜನಕ ತಲಪದೆಡೆಯಲ್ಲಿ, ಬೇರೆ ಬ್ಯಾಕ್ಟೀರಿಯಗಳು ಅದನ್ನು ಸಾರಜನಕದ ಅನಿಲವಾಗಿಸುತ್ತವೆ. ಮಿಕ್ಕುದಕ್ಕೆ ನೀರು ಬದಲಾವಣೆಯೇ ಗತಿ. ವಾರಕ್ಕೊಮ್ಮೆ ಹತ್ತರಲ್ಲೊಂದು ಪಾಲು ಬದಲಾಯಿಸಿದರೆ, ನೈಟ್ರೇಟಿನ ಮೊತ್ತ ಹತ್ತು ವಾರಗಳ ಉತ್ಪತ್ತಿಗೆ ಸಮನಾದಲ್ಲಿ ನಿಲ್ಲುತ್ತದೆ, ಅದಕ್ಕಿಂತ ಏರದು. ಅದು ಹೆಚ್ಚೆನಿಸಿದರೆ ಮೀನುಗಳನ್ನು ಕಡಿಮೆ ಮಾಡಬೇಕು, ಇಲ್ಲವೇ ನೀರನ್ನು ಹೆಚ್ಚು ಬದಲಾಯಿಸಬೇಕು. ಕೊಳ್ಳಬಹುದಾದ ಯಾವ ಯಂತ್ರವೂ ಈ ಲೆಕ್ಕದಿಂದ ನಮ್ಮನ್ನು ಪೂರ್ತಿಯಾಗಿ ಪಾರುಮಾಡದು.

ಹಾಗಾದರೆ ಆಯ್ಕೆಯ ಕ್ರಮವೇನು? ಮೊದಲು ಎಷ್ಟು ಮೀನು, ಎಷ್ಟು ಆಹಾರ ಎಂಬುದನ್ನು ನಿಶ್ಚಯಿಸಿರಿ. ಬಳಿಕ ಸಂಪು, ಹವಳಗಲ್ಲು, ಸ್ಕಿಮ್ಮರ್, ಪಂಪು. ಸ್ಪಂಜು ಕೊನೆಯದು, ಅದನ್ನು ಆಗಾಗ ತೊಳೆಯದಿದ್ದರೆ ಅದೇ ಕೊಳೆಯ ಉಗ್ರಾಣವಾಗುತ್ತದೆ. ಎಲ್ಲಕ್ಕಿಂತ ಅಗ್ಗವೂ ಎಲ್ಲಕ್ಕಿಂತ ಅವಶ್ಯವೂ ಆದದ್ದು ಅಮೋನಿಯ ಅಳೆಯುವ ಪುಟ್ಟ ದ್ರಾವಣದ ಸೀಸೆ.

ನಮ್ಮ ಪ್ರಯೋಗಶಾಲೆಯ ತೊಟ್ಟಿಯನ್ನು ಮರುವರ್ಷ ಮತ್ತೆ ತುಂಬಿದೆವು. ಈ ಬಾರಿ ಆರು ವಾರ ಅದರಲ್ಲಿ ಕಲ್ಲು ಮತ್ತು ನೀರಲ್ಲದೆ ಬೇರೇನೂ ಕಾಣುತ್ತಿರಲಿಲ್ಲ. ವಿದ್ಯಾರ್ಥಿಗಳು ದಿನಕ್ಕೊಂದು ತೊಟ್ಟು ಅಮೋನಿಯ ಹಾಕಿ, ಮರುದಿನ ಅಳೆದು, ಅಂಕಿಗಳನ್ನು ಗೋಡೆಯ ಮೇಲಿನ ಹಾಳೆಯಲ್ಲಿ ಬರೆಯುತ್ತಿದ್ದರು. ಬಂದವರು ‘ಖಾಲಿ ತೊಟ್ಟಿಯನ್ನೇಕೆ ಕಾಯುತ್ತಿದ್ದೀರಿ?’ ಎಂದು ನಗುತ್ತಿದ್ದರು. ಹಾಳೆಯಲ್ಲಿ ಸೊನ್ನೆ ಮೇಲೆ ಸೊನ್ನೆ ಬೀಳತೊಡಗಿದ ಮೇಲೆ ಎರಡೇ ಎರಡು ಮೀನುಗಳನ್ನು ತಂದೆವು. ಅಂಗಡಿಗಳಿಗೆ ಬರುವ ಕಡಲಿನ ಅಲಂಕಾರದ ಮೀನುಗಳ ಜಾತಿಗಳಲ್ಲಿ ಬಹುಪಾಲು ಇಂದಿಗೂ ಹವಳದ ದಿಬ್ಬಗಳಿಂದ ಹಿಡಿದು ತಂದವು. ಅಪಾರವಾದ ಸಮುದ್ರವನ್ನು ಬಿಟ್ಟು ಸಾವಿರ ಲೀಟರಿಗೆ ಬರುವ ಅತಿಥಿಗೆ ನಾವು ಮೊದಲು ಸಿದ್ಧಪಡಿಸಬೇಕಾದದ್ದು ಕಣ್ಣಿಗೆ ಕಾಣದ ಆ ಕೆಲಸಗಾರರ ವಸತಿಯನ್ನು. ಆ ಎರಡು ಮೀನುಗಳು ಈಗಲೂ ಅಲ್ಲಿ ಈಜಾಡುತ್ತಿವೆ.