ಬಾಂಬು ಎಲ್ಲಿದೆಯೆಂದು ಮೊದಲೇ ಹೇಳಿಬಿಡಿ

ಇಡೀ ಸಿನಿಮಾ ಬೇಡ, ಅದರ ಮೊದಲ ಎರಡು ನಿಮಿಷ ಮಾಡಿ ತೋರಿಸಿದರೆ ಸಾಕು. ಬ್ರಿಟನ್ನಿನ ಹದಿನಾರು, ಹದಿನೇಳರ ಹರೆಯದ ಸಾವಿರಾರು ವಿದ್ಯಾರ್ಥಿಗಳು 2008ರಿಂದ ಸುಮಾರು ಒಂದು ದಶಕ ಕಾಲ ಈ ಕೆಲಸ ಮಾಡಿದರು. ಅಲ್ಲಿನ ಓಸಿಆರ್ ಪರೀಕ್ಷಾ ಮಂಡಳಿಯ ಮೀಡಿಯಾ ಸ್ಟಡೀಸ್ ವಿಷಯದಲ್ಲಿ ವಿಡಿಯೊ ಆಯ್ದುಕೊಂಡವರಿಗೆ ಮೊದಲ ವರ್ಷವೇ ಇದು ಬರುತ್ತಿತ್ತು. ಹೊಸದೊಂದು ಕಥಾಚಿತ್ರದ ಟೈಟಲ್ ಮತ್ತು ಆರಂಭದ ದೃಶ್ಯ ತಯಾರಾಗಬೇಕು, ಎರಡು ನಿಮಿಷ ಮೀರಬಾರದು. ತಂಡದಲ್ಲಿ ಹೆಚ್ಚೆಂದರೆ ನಾಲ್ವರು. ದೃಶ್ಯಗಳೆಲ್ಲ ಸ್ವಂತ ಚಿತ್ರೀಕರಣದ್ದೇ ಆಗಿರಬೇಕು. ಸಂಗೀತ ಮತ್ತು ಸದ್ದುಗಳನ್ನು ಮಾತ್ರ ಹಕ್ಕುಸ್ವಾಮ್ಯದ ತಕರಾರಿಲ್ಲದ ಕಡೆಯಿಂದ ತರಬಹುದಿತ್ತು. 100 ಅಂಕಗಳಲ್ಲಿ 60 ಚಿತ್ರಕ್ಕೆ, 20 ಪೂರ್ವತಯಾರಿಗೆ. ಉಳಿದ 20 ಅಂಕ, ಮಾಡಿದ್ದನ್ನು ಹಿಂತಿರುಗಿ ನೋಡಿ ವಿಮರ್ಶಿಸಿಕೊಳ್ಳುವುದಕ್ಕೆ. 2017ರಲ್ಲಿ ಪಠ್ಯಕ್ರಮ ಬದಲಾಯಿತು. ಆದರೆ ಆ ಕೆಲಸದಲ್ಲಿ ಹುಡುಗರು ಎಡವುತ್ತಿದ್ದ ಜಾಗಗಳು ಇವತ್ತು ಮೊಬೈಲಿನಲ್ಲಿ ಕಿರುಚಿತ್ರ ಮಾಡುವವರು ಎಡವುವ ಜಾಗಗಳೇ.

ಯಾವ ಬಗೆಯ ಚಿತ್ರವನ್ನಾದರೂ ಆಯ್ದುಕೊಳ್ಳಬಹುದಿತ್ತು. ಆದರೂ ಬಹಳಷ್ಟು ತಂಡಗಳು ಥ್ರಿಲ್ಲರಿಗೇ ಹೋಗುತ್ತಿದ್ದವು. ಕಾರಣ ಸರಳ: ಖರ್ಚಿಲ್ಲ. ಹಾಸ್ಯಕ್ಕೆ ಒಳ್ಳೆಯ ನಟರು ಬೇಕು, ಐತಿಹಾಸಿಕ ಚಿತ್ರಕ್ಕೆ ಉಡುಪು ಬೇಕು. ಥ್ರಿಲ್ಲರಿಗೆ ಖಾಲಿ ಕಾರಿಡಾರ್, ಇಬ್ಬರು ಸ್ನೇಹಿತರು, ತಲೆಗೆ ಟೋಪಿಯಿರುವ ಒಂದು ಹುಡ್ಡಿ ಇದ್ದರಾಯಿತು ಅನ್ನಿಸುತ್ತದೆ. ಹೀಗೆ ಹುಟ್ಟುವ ಚಿತ್ರ ಹೇಗಿರುತ್ತದೆಂದು ಊಹಿಸಬಹುದು. ಕಾಡಿನಲ್ಲಿ ಯಾರೋ ಓಡುತ್ತಾರೆ. ಮುಖ ಕಾಣದ ಯಾರೋ ಬೆನ್ನಟ್ಟುತ್ತಾರೆ. ಬೂಟುಗಾಲು, ನಡುಗುವ ಕೈ, ಮಿಣುಕುವ ದೀಪ, ಕಿರುಚಾಟ, ಕತ್ತಲೆ, ಆಮೇಲೆ ಚಿತ್ರದ ಹೆಸರು. ಎಲ್ಲವೂ ಇದೆ, ಭಯ ಮಾತ್ರ ಇಲ್ಲ. ತರಗತಿಯಲ್ಲಿ ಹಾಕಿ ತೋರಿಸಿದರೆ ಗೆಳೆಯರು ಕೇಳುವ ಮೊದಲ ಪ್ರಶ್ನೆ: "ಅವಳು ಯಾರು? ಯಾಕೆ ಓಡ್ತಿದಾಳೆ?"

ಮಾಡಿದವರಿಗೆ ಈ ಪ್ರಶ್ನೆ ಮೆಚ್ಚುಗೆಯ ಹಾಗೆ ಕೇಳಿಸುತ್ತದೆ. ನಾವು ರಹಸ್ಯ ಉಳಿಸಿಕೊಂಡೆವಲ್ಲ ಎಂದುಕೊಳ್ಳುತ್ತಾರೆ. ವಾಸ್ತವದಲ್ಲಿ ಅದು ದೂರು. ಏನೂ ತಿಳಿಯದವನಿಗೆ ಕುತೂಹಲವೂ ಹುಟ್ಟುವುದಿಲ್ಲ, ಬೇಸರ ಹುಟ್ಟುತ್ತದೆ.

ಮೂರು ನಿಮಿಷ, ಒಂದೇ ಶಾಟ್

ಆರ್ಸನ್ ವೆಲ್ಸ್‌ನ 'ಟಚ್ ಆಫ್ ಈವಿಲ್' (1958) ಚಿತ್ರದ ಆರಂಭವನ್ನು ಯಾರಾದರೂ ಒಮ್ಮೆ ನೋಡಲೇಬೇಕು. ಮೊದಲ ಚಿತ್ರಿಕೆಯಲ್ಲೇ ಒಬ್ಬನ ಕೈಯಲ್ಲಿ ಟೈಮರ್ ಕಟ್ಟಿದ ಬಾಂಬು. ಅವನು ಅದರ ಸಮಯ ಹೊಂದಿಸಿ, ನಿಂತಿದ್ದ ಕಾರೊಂದರ ಡಿಕ್ಕಿಯಲ್ಲಿಟ್ಟು ಓಡಿಹೋಗುತ್ತಾನೆ. ಏನೂ ಅರಿಯದ ಜೋಡಿಯೊಂದು ಬಂದು ಆ ಕಾರು ಹತ್ತುತ್ತದೆ. ಕ್ಯಾಮೆರಾ ಕ್ರೇನಿನ ಮೇಲೇರಿ, ಛಾವಣಿಗಳನ್ನು ದಾಟಿ, ಗಡಿ ಪಟ್ಟಣದ ಬೀದಿಯಲ್ಲಿ ಕಾರಿನ ಜೊತೆ ಸಾಗುತ್ತದೆ. ಹೊಸದಾಗಿ ಮದುವೆಯಾದ ಇನ್ನೊಂದು ಜೋಡಿ ಅದೇ ಬೀದಿಯಲ್ಲಿ ನಡೆದು ಬರುತ್ತಿದೆ. ಕಾರು ಅವರ ಹತ್ತಿರ ಬರುತ್ತದೆ, ದೂರ ಹೋಗುತ್ತದೆ, ಮತ್ತೆ ಪಕ್ಕಕ್ಕೇ ಬಂದು ನಿಲ್ಲುತ್ತದೆ. ಗಡಿ ಕಾವಲಿನವರು ಮಾತಾಡಿಸುತ್ತಾರೆ. ಕಾರಿನಲ್ಲಿರುವ ಹೆಂಗಸು ತನ್ನ ತಲೆಯೊಳಗೆ ಏನೋ ಟಿಕ್ ಟಿಕ್ ಎನ್ನುತ್ತಿದೆ ಎಂದು ಗೊಣಗುತ್ತಾಳೆ. ಇದೆಲ್ಲ ಒಂದೇ ಶಾಟ್, ಮೂರು ನಿಮಿಷಕ್ಕೂ ಮಿಗಿಲು. ಓಟವಿಲ್ಲ, ಕತ್ತಲ ಆಟವಿಲ್ಲ, ಮುಖ ಮುಚ್ಚಿಕೊಂಡು ಹಿಂಬಾಲಿಸುವವರಿಲ್ಲ. ನೋಡುವವನಿಗೆ ಮಾತ್ರ ಉಸಿರು ಕಟ್ಟುತ್ತದೆ. ಅವನಿಗೆ ಗೊತ್ತಿರುವುದು ಆ ಬೀದಿಯಲ್ಲಿರುವ ಯಾರಿಗೂ ಗೊತ್ತಿಲ್ಲ.

ಹಿಚ್‌ಕಾಕ್ ಫ್ರೆಂಚ್ ನಿರ್ದೇಶಕ ತ್ರೂಫೊ ಜೊತೆಗಿನ ಸಂದರ್ಶನದಲ್ಲಿ ಇದನ್ನೇ ಲೆಕ್ಕದ ಹಾಗೆ ಬಿಡಿಸಿಟ್ಟಿದ್ದಾನೆ. ಇಬ್ಬರು ಮೇಜಿನ ಬಳಿ ಕೂತು ಮಾತಾಡುತ್ತಿರುವಾಗ ಇದ್ದಕ್ಕಿದ್ದಂತೆ ಬಾಂಬು ಸಿಡಿದರೆ ಪ್ರೇಕ್ಷಕನಿಗೆ 15 ಸೆಕೆಂಡಿನ ಬೆಚ್ಚುವಿಕೆ ಸಿಗುತ್ತದೆ. ಬಾಂಬು ಮೇಜಿನಡಿ ಇದೆ, ಇಷ್ಟು ಹೊತ್ತಿಗೆ ಸಿಡಿಯುತ್ತದೆ ಎಂದು ಮೊದಲೇ ತಿಳಿಸಿದರೆ ಅದೇ ಹರಟೆ 15 ನಿಮಿಷದ ತಳಮಳವಾಗುತ್ತದೆ. ಎರಡೇ ನಿಮಿಷ ಕೈಯಲ್ಲಿರುವ ವಿದ್ಯಾರ್ಥಿಗೆ ಈ ಲೆಕ್ಕ ಇನ್ನೂ ಮುಖ್ಯ. ಅವನದೇ 'ಸೈಕೋ' (1960) ಊರಿನ ಹೆಸರು, ತಾರೀಕು, ಗಂಟೆ, ನಿಮಿಷಗಳನ್ನೆಲ್ಲ ಪರದೆಯ ಮೇಲೆ ಬರೆದು ತೋರಿಸಿಯೇ ಶುರುವಾಗುತ್ತದೆ. ಮರೆಮಾಚುವುದರಲ್ಲಿ ಅಷ್ಟು ಹೆಸರಾದ ಚಿತ್ರ ತನ್ನ ಬಾಗಿಲಲ್ಲಿ ಇಷ್ಟು ಧಾರಾಳಿ.

ವೆಲ್ಸ್‌ನ ಚಿತ್ರದಲ್ಲಿ ಇನ್ನೊಂದು ಪಾಠವಿದೆ, ಅದು ಟೈಟಲಿಗೆ ಸಂಬಂಧಿಸಿದ್ದು. ಯೂನಿವರ್ಸಲ್ ಸ್ಟುಡಿಯೊ ಆ ಶಾಟಿನ ಮೇಲೆ ಹೆಸರುಗಳನ್ನೂ ಹೆನ್ರಿ ಮ್ಯಾನ್ಸಿನಿಯ ಸಂಗೀತವನ್ನೂ ಹಾಕಿ ಬಿಡುಗಡೆ ಮಾಡಿತ್ತು. ವೆಲ್ಸ್‌ಗೆ ಅಲ್ಲಿ ಬೇಕಾಗಿದ್ದದ್ದು ಬೀದಿಬದಿಯ ಹೋಟೆಲುಗಳಿಂದ, ಕಾರಿನ ರೇಡಿಯೊದಿಂದ ತೇಲಿ ಬರುವ ಬೇರೆ ಬೇರೆ ಹಾಡುಗಳ ಕಲಬೆರಕೆ. ಈ ಬಗೆಯ ಆಕ್ಷೇಪಗಳನ್ನೆಲ್ಲ ಅವನು 58 ಪುಟಗಳ ಟಿಪ್ಪಣಿಯಾಗಿ ಬರೆದುಕೊಟ್ಟ. 1998ರಲ್ಲಿ ಸಂಕಲನಕಾರ ವಾಲ್ಟರ್ ಮರ್ಚ್ ಆ ಟಿಪ್ಪಣಿ ಹಿಡಿದು ಚಿತ್ರವನ್ನು ಮರುಸಂಕಲನ ಮಾಡಿದಾಗ ಹೆಸರುಗಳು ಆ ಶಾಟಿನಿಂದ ಹೋದವು, ಬೀದಿಯ ಸದ್ದು ಬಂತು. ಎರಡೂ ಆವೃತ್ತಿಗಳನ್ನು ಒಂದರ ಪಕ್ಕ ಒಂದಿಟ್ಟು ನೋಡಿದರೆ ಟೈಟಲ್ ಕಾರ್ಡು ಕಣ್ಣನ್ನು ಎಷ್ಟು ಕದಿಯುತ್ತದೆಂದು ಗೊತ್ತಾಗುತ್ತದೆ. ಹೆಸರು ಓದುತ್ತಿರುವವನು ಕಾರನ್ನು ನೋಡುತ್ತಿರುವುದಿಲ್ಲ. ವಿದ್ಯಾರ್ಥಿ ಚಿತ್ರದಲ್ಲಿ ಟೈಟಲ್ ಕಡ್ಡಾಯವಾಗಿದ್ದರಿಂದ ಪ್ರತಿ ಹೆಸರನ್ನೂ ಏನೂ ನಡೆಯದ, ನೋಡಲು ಹೆಚ್ಚೇನೂ ಇಲ್ಲದ ಎರಡು ಸೆಕೆಂಡಿನಲ್ಲಿ ಇಡಬೇಕು. ಅಂಥ ಸೆಕೆಂಡುಗಳನ್ನು ಸ್ಟೋರಿಬೋರ್ಡಿನಲ್ಲೇ ಗುರುತಿಸಿಟ್ಟುಕೊಳ್ಳದ ತಂಡ ಕೊನೆಗೆ ನಟಿಯ ಮುಖದ ಮೇಲೆಯೇ ಛಾಯಾಗ್ರಾಹಕನ ಹೆಸರು ಅಂಟಿಸುತ್ತದೆ.

ಟೈಟಲ್ ಎಂದೊಡನೆ ಎಲ್ಲರೂ ಅನುಕರಿಸಲು ಹೋಗುವುದು ಡೇವಿಡ್ ಫಿಂಚರ್‌ನ 'ಸೆವೆನ್' (1995) ಚಿತ್ರವನ್ನು. ಕೈಲ್ ಕೂಪರ್ ವಿನ್ಯಾಸ ಮಾಡಿದ ಆ ಎರಡು ನಿಮಿಷದಲ್ಲಿ ಕೊಲೆಗಾರನ ಕೈಗಳು ದಿನಚರಿ ಬರೆಯುತ್ತವೆ, ಫೋಟೊ ಕತ್ತರಿಸುತ್ತವೆ, ಬೆರಳ ತುದಿಯ ಚರ್ಮ ಹೆರೆಯುತ್ತವೆ. ಅಕ್ಷರಗಳು ಕೈಯಿಂದ ಗೀಚಿದಂತೆ ನಡುಗುತ್ತವೆ. ಹುಡುಗರು ನಡುಗುವ ಅಕ್ಷರಗಳನ್ನು ಮಾತ್ರ ಎತ್ತಿಕೊಳ್ಳುತ್ತಾರೆ. ಆ ಟೈಟಲಿಗೂ ಮೊದಲು ಚಿತ್ರದಲ್ಲಿ ಏನಿದೆ ಎಂಬುದನ್ನು ಯಾರೂ ಗಮನಿಸುವುದಿಲ್ಲ. ವಯಸ್ಸಾದ ಪತ್ತೇದಾರನೊಬ್ಬ ಬೆಳಗ್ಗೆ ಶಿಸ್ತಾಗಿ ಉಡುಪು ಧರಿಸುತ್ತಾನೆ, ಕೊಲೆಯ ಜಾಗಕ್ಕೆ ಹೋಗುತ್ತಾನೆ, ಹೊಸ ಸಹೋದ್ಯೋಗಿಯನ್ನು ಭೇಟಿಯಾಗುತ್ತಾನೆ, ರಾತ್ರಿ ಮೆಟ್ರೊನೋಮಿನ ತಾಳ ಕೇಳುತ್ತ ಮಲಗುತ್ತಾನೆ. ಆ ಅಚ್ಚುಕಟ್ಟಾದ ಬದುಕಿನ ಬೆನ್ನಿಗೇ ಇನ್ನೊಬ್ಬನ ಭೀಕರ ಅಚ್ಚುಕಟ್ಟು ಬರುತ್ತದೆ. ಚಿತ್ರ ನಿಜವಾಗಿ ಬಚ್ಚಿಟ್ಟಿದ್ದು ಒಂದನ್ನೇ: ಕೊಲೆಗಾರನ ಪಾತ್ರ ಮಾಡಿದ ನಟನ ಹೆಸರನ್ನು ಆರಂಭದ ಟೈಟಲಿನಲ್ಲಿ ಹಾಕಲಿಲ್ಲ.

ಬೆಳಕು, ಸದ್ದು ಮತ್ತು ಒಂದು ಬಾಗಿಲು

ಡಿಸೆಂಬರಿನಲ್ಲಿ ಲಂಡನ್ನಿನ ಸೂರ್ಯ ನಾಲ್ಕು ಗಂಟೆಗೆ ಮೊದಲೇ ಮುಳುಗುತ್ತಾನೆ. ಶಾಲೆ ಬಿಟ್ಟ ಮೇಲೆ ಹೊರಾಂಗಣ ಚಿತ್ರೀಕರಣಕ್ಕೆ ಹೊರಟವರಿಗೆ ಸಿಗುವುದು ಅರ್ಧ ಗಂಟೆಯೂ ಇಲ್ಲದ ಬೆಳಕು, ಅದೂ ಶಾಟಿನಿಂದ ಶಾಟಿಗೆ ಬಣ್ಣ ಬದಲಿಸುವ ಬೆಳಕು. ಕತ್ತಲಾದರೆ ಥ್ರಿಲ್ಲರಿಗೆ ಒಳ್ಳೆಯದೇ ಎಂದು ಮುಂದುವರಿಸಿದರೆ, ಕ್ಯಾಮೆರಾ ಇಲ್ಲದ ಬೆಳಕನ್ನು ಎಳೆದು ತರಲು ಹೋಗಿ ಚಿತ್ರದ ತುಂಬ ಚುಕ್ಕೆ ಚುಕ್ಕೆ ಮಾಡಿಡುತ್ತದೆ. ಪರದೆಯ ಮೇಲಿನ ಕತ್ತಲೆಯನ್ನು ಬೆಳಕಿನಲ್ಲೇ ಕಟ್ಟಬೇಕು. ಒಂದು ಕಡೆಯಿಂದ ಬಲವಾದ ದೀಪ, ಉಳಿದದ್ದು ನೆರಳು. ಬ್ರಿಟನ್ನಿನಲ್ಲೂ ನಮ್ಮಲ್ಲೂ ಮನೆಯ ವಿದ್ಯುತ್ತು 50 ಹರ್ಟ್ಜ್‌ನದೇ. ಆದ್ದರಿಂದ ಟ್ಯೂಬ್‌ಲೈಟಿನ ಮಿಣುಕು ಚಿತ್ರದಲ್ಲಿ ಕಾಣಬಾರದೆಂದರೆ ಸೆಕೆಂಡಿಗೆ 25 ಫ್ರೇಮು, ಶಟರ್ ಐವತ್ತನೇ ಒಂದು ಸೆಕೆಂಡು ಎಂಬ ಅಲ್ಲಿನ ಸೂತ್ರ ಇಲ್ಲಿಗೂ ಹೊಂದುತ್ತದೆ.

ಕತ್ತಲೆಯೇ ಬೇಕೆಂದೇನೂ ಇಲ್ಲ. ಶೇನ್ ಮೆಡೋಸ್‌ನ 'ಡೆಡ್ ಮ್ಯಾನ್ಸ್ ಶೂಸ್' (2004) ಸೇಡಿನ ಕಥೆ. ಅದು ಶುರುವಾಗುವುದು ಹಾಡಹಗಲಲ್ಲಿ, ಹಸಿರು ಬಯಲಿನಲ್ಲಿ ನಡೆದು ಬರುತ್ತಿರುವ ಅಣ್ಣತಮ್ಮಂದಿರಿಂದ. ನಡುನಡುವೆ ಹಳೆಯ ಕೌಟುಂಬಿಕ ಚಿತ್ರಸುರುಳಿಯ ತುಣುಕುಗಳು. ಅಲ್ಲಿ ಹೆದರಿಸುವಂಥದ್ದು ಏನೂ ಇಲ್ಲ. ಆದರೆ ಕಳೆದುಹೋದದ್ದೇನೋ ಇದೆ ಎಂಬುದು ತಿಳಿಯುತ್ತದೆ. ಇವರು ಎಲ್ಲಿಗೋ ಹೊರಟಿದ್ದಾರೆ ಎಂಬುದೂ ತಿಳಿಯುತ್ತದೆ.

ಸದ್ದಿನ ವಿಷಯದಲ್ಲಿ ವಿದ್ಯಾರ್ಥಿಗಳು ಜಿಪುಣರು. ಕ್ಯಾಮೆರಾದ ಮೈಕಿನಲ್ಲಿ ಬಿದ್ದ ಗಾಳಿಯ ಬುಸುಗುಟ್ಟುವಿಕೆಯ ಮೇಲೆ ಪಿಯಾನೊ ಸಂಗೀತ ಹೊದಿಸಿ ಮುಗಿಸುತ್ತಾರೆ. ಪ್ರತಿ ಲೊಕೇಶನ್ನಿನಲ್ಲೂ ಯಾರೂ ಮಾತಾಡದ ಅರ್ಧ ನಿಮಿಷವನ್ನು ಬೇರೆಯಾಗಿ ದಾಖಲಿಸಿಕೊಂಡರೆ ಕಟ್‌ಗಳ ನಡುವೆ ಸದ್ದು ತುಂಡಾಗುವುದು ತಪ್ಪುತ್ತದೆ. ಹೆಜ್ಜೆ, ಬೀಗ, ಬಟ್ಟೆಯ ಸರಸರ ಇವನ್ನು ಆಮೇಲೆ ಪರದೆ ನೋಡುತ್ತ ಮಾಡಿ ಸೇರಿಸಬಹುದು. ಆ ವಿದ್ಯೆಗೆ ಹಾಲಿವುಡ್ಡಿನ ಜ್ಯಾಕ್ ಫೋಲಿಯ ಹೆಸರೇ ನಿಂತಿದೆ. ಚಾಕು, ಆಟಿಕೆ ಪಿಸ್ತೂಲು ಹಿಡಿದು ಪಾರ್ಕಿನಲ್ಲಿ ಚಿತ್ರೀಕರಿಸುವ ಹುಮ್ಮಸ್ಸಿದ್ದವರಿಗೆ ಒಂದು ಮಾತು: ಬ್ರಿಟನ್ನಿನಲ್ಲಿ ಸಕಾರಣವಿಲ್ಲದೆ ಚಾಕು ಹಿಡಿದು ಬೀದಿಗಿಳಿಯುವುದು ಅಪರಾಧ. ಕಾಣಿಸದ ಚಾಕುವೇ ಮೇಲು, ಕಾನೂನಿಗೂ ಕಥೆಗೂ.

ಇನ್ನು ಬಾಗಿಲಿನ ಮಾತು. ಮುಖ್ಯ ಚಿತ್ರಕ್ಕೆ ಮೊದಲು ಎಲ್ಲರೂ ಒಂದು ಪುಟ್ಟ ಅಭ್ಯಾಸ ಮಾಡಬೇಕಿತ್ತು. ಪಾತ್ರವೊಂದು ಬಾಗಿಲು ತೆರೆದು, ಕೋಣೆ ದಾಟಿ, ಇನ್ನೊಬ್ಬರ ಎದುರು ಕುರ್ಚಿಯಲ್ಲಿ ಕೂತು ಒಂದೆರಡು ಮಾತಾಡುವುದು. ಇದರಲ್ಲಿ ಮೂರು ಕೌಶಲ ತೋರಿಸಬೇಕು. ಹೊರಗಿನಿಂದ ಹಿಡಿಕೆ ತಿರುಗಿಸಿದ ಕೈಯ ಚಲನೆ ಒಳಗಿನ ಶಾಟಿನಲ್ಲಿ ಮುರಿಯದೆ ಮುಂದುವರಿಯಬೇಕು. ಮಾತಾಡುವವರ ಮುಖಗಳು ಒಂದಾದ ಮೇಲೊಂದು ಸರಿಯಾಗಿ ಬರಬೇಕು. ಇಬ್ಬರ ನಡುವೆ ಎಳೆದ ಕಾಲ್ಪನಿಕ ಗೆರೆಯ ಒಂದೇ ಬದಿಯಲ್ಲಿ ಕ್ಯಾಮೆರಾ ಉಳಿಯಬೇಕು. ಗೆರೆ ದಾಟಿದರೆ ಎದುರುಬದುರು ಕೂತವರು ಪರದೆಯ ಮೇಲೆ ಇಬ್ಬರೂ ಒಂದೇ ದಿಕ್ಕಿಗೆ ನೋಡಿದಂತಾಗುತ್ತದೆ. ಹುಡುಗರಿಗೆ ಇದು ಮಹಾ ಬೋರು. ನನಗಂತೂ ಇಡೀ ಪಠ್ಯಕ್ರಮದಲ್ಲಿ ಅತ್ಯಂತ ಜಾಣ ಭಾಗ ಇದೇ ಅನ್ನಿಸುತ್ತದೆ. ಅದೇ ಬಾಗಿಲು, ಅದೇ ಕುರ್ಚಿ ಇಟ್ಟುಕೊಂಡು, ಒಳಗೆ ಯಾರು ಕೂತಿದ್ದಾರೆಂದು ಪ್ರೇಕ್ಷಕನಿಗೆ ಮೊದಲೇ ತೋರಿಸಿಬಿಟ್ಟರೆ ಥ್ರಿಲ್ಲರ್ ತಾನಾಗಿಯೇ ಶುರುವಾಗಿರುತ್ತದೆ.

ಏಳು ಪ್ರಶ್ನೆಗಳು

ಚಿತ್ರ ಮುಗಿದ ಮೇಲೆ ಏಳು ಪ್ರಶ್ನೆಗಳಿಗೆ ಉತ್ತರ ಕೊಡಬೇಕಿತ್ತು. ನಿಜವಾದ ಸಿನಿಮಾಗಳ ರೂಢಿಗಳನ್ನು ನಿಮ್ಮ ಚಿತ್ರ ಹೇಗೆ ಬಳಸಿದೆ, ಎಲ್ಲಿ ಮುರಿದಿದೆ? ಸಮಾಜದ ಯಾವ ವರ್ಗವನ್ನು ಹೇಗೆ ತೋರಿಸಿದೆ? ಇದನ್ನು ಯಾರು ವಿತರಿಸಬಹುದು? ನೋಡುವವರು ಯಾರು? ಅವರನ್ನು ಸೆಳೆದದ್ದು ಹೇಗೆ? ತಂತ್ರಜ್ಞಾನದಿಂದ ಕಲಿತದ್ದೇನು? ಆ ಬಾಗಿಲಿನ ಅಭ್ಯಾಸದಿಂದ ಇಲ್ಲಿಗೆ ಬರುವಷ್ಟರಲ್ಲಿ ಏನು ಬದಲಾಯಿತು?

ಇವುಗಳಿಗೆ ಬರುವ ದುರ್ಬಲ ಉತ್ತರವೊಂದಿದೆ: "ನಾವು ಕ್ಲೋಸ್ ಅಪ್ ಬಳಸಿ ಉದ್ವೇಗ ಸೃಷ್ಟಿಸಿದೆವು." ಇದು ವಿಮರ್ಶೆಯಲ್ಲ, ವರದಿ. ಗಟ್ಟಿ ಉತ್ತರ ಒಂದು ತೀರ್ಮಾನದ ಕಥೆ ಹೇಳುತ್ತದೆ. ಒಂದು ತಂಡವನ್ನು ಕಲ್ಪಿಸಿಕೊಳ್ಳೋಣ. ಹುಡುಗಿಯೊಬ್ಬಳು ಸಂಜೆ ಮನೆಗೆ ಬರುತ್ತಾಳೆ, ಒಳಗೆ ಯಾರೋ ಇದ್ದಾರೆ. ಮೊದಲ ಕರಡಿನಲ್ಲಿ ನೆರಳು, ಕೈ, ಕಿರುಚಾಟ ಎಲ್ಲ ಇತ್ತು. ನೋಡಿದವರು "ಅದು ಯಾರ ಮನೆ?" ಎಂದು ಕೇಳಿದರು. ತಂಡ ನೆರಳನ್ನು ಕಿತ್ತುಹಾಕಿ ಎರಡು ಶಾಟ್ ಸೇರಿಸಿತು: ಬಾಗಿಲ ಬಳಿಯ ಚಪ್ಪಲಿ ಸ್ಟ್ಯಾಂಡಿನಲ್ಲಿ ಒಬ್ಬಳದೇ ಚಪ್ಪಲಿಗಳು, ಅಡುಗೆಮನೆಯಲ್ಲಿ ಹಬೆಯಾಡುತ್ತಿರುವ ಕೆಟಲ್. ಒಂಟಿಯಾಗಿರುವವಳ ಮನೆಯಲ್ಲಿ ನೀರು ಕಾಯಿಸಿದ್ದು ಯಾರು? ಅವಳಿನ್ನೂ ಹೊರಬಾಗಿಲಲ್ಲಿ ಬೀಗ ತೆಗೆಯುತ್ತಿದ್ದಾಳೆ. ಏನು ತೆಗೆದೆವು, ಯಾಕೆ ತೆಗೆದೆವು, ತೆಗೆದ ಮೇಲೆ ನೋಡಿದವರು ಏನೆಂದರು ಎಂದು ಬರೆದರೆ ಅದು ವಿಮರ್ಶೆ. ಕಟ್ ಮಾಡಲು ಇರಬೇಕಾದ ಕಾರಣಗಳಿಗೆ ವಾಲ್ಟರ್ ಮರ್ಚ್ ತನ್ನ ಪುಸ್ತಕದಲ್ಲಿ ತೂಕ ಹಂಚಿ ಕೊಟ್ಟಿದ್ದಾನೆ: ಭಾವಕ್ಕೆ ಶೇ 51, ಕಥೆಗೆ ಶೇ 23, ಲಯಕ್ಕೆ ಶೇ 10, ಉಳಿದ ಮೂರಕ್ಕೆ ಮಿಕ್ಕಿದ್ದು. ಅಂಕಿಗಳು ತಮಾಷೆಯಂತೆ ಕಂಡರೂ, ತನ್ನ ಒಂದೊಂದು ಕಟ್ಟನ್ನೂ ಇದರಲ್ಲಿ ಯಾವುದಕ್ಕಾಗಿ ಮಾಡಿದೆ ಎಂದು ಕೇಳಿಕೊಳ್ಳುವ ವಿದ್ಯಾರ್ಥಿಗೆ ಬರೆಯಲು ವಿಷಯದ ಬರ ಬರುವುದಿಲ್ಲ.

ಎರಡನೆಯ ಪ್ರಶ್ನೆ ಚುಚ್ಚುವಂಥದ್ದು. 2005ರಲ್ಲಿ ಕೆಂಟ್‌ನ ಬ್ಲೂವಾಟರ್ ಎಂಬ ಶಾಪಿಂಗ್ ಕೇಂದ್ರ ಹುಡ್ಡಿಯ ಟೋಪಿ ಎಳೆದುಕೊಂಡವರಿಗೆ ಪ್ರವೇಶವಿಲ್ಲ ಎಂದಿತು. ಬಡ ಬಡಾವಣೆಗಳ ಹುಡುಗರೆಂದರೆ ಪುಂಡರು ಎಂಬ ಪತ್ರಿಕೆಗಳ ಚಿತ್ರಣ ಆಗ ಜೋರಾಗಿತ್ತು. ಅದಾಗಿ ಕೆಲವೇ ವರ್ಷಗಳಲ್ಲಿ, ದಿನವೂ ಹುಡ್ಡಿ ತೊಡುವ ಹುಡುಗರೇ ತಮ್ಮ ಚಿತ್ರದ ಕೊಲೆಗಾರನಿಗೆ ಅದನ್ನು ತೊಡಿಸುತ್ತಿದ್ದರು. ಓಡುವವಳು ಯಾವಾಗಲೂ ಹುಡುಗಿ. ಯಾಕೆ ಎಂದು ಕೇಳಿದರೆ ಥ್ರಿಲ್ಲರುಗಳಲ್ಲಿ ಹಾಗೇ ಇರುತ್ತದಲ್ಲ ಎಂಬ ಉತ್ತರ. ರೂಢಿಯನ್ನು ಬಳಸುವುದು ತಪ್ಪಲ್ಲ, ಬಳಸುತ್ತಿದ್ದೇನೆಂದು ತಿಳಿಯದಿರುವುದು ಅಂಕಕ್ಕೂ ಚಿತ್ರಕ್ಕೂ ನಷ್ಟ.

ವಿತರಣೆಯ ಪ್ರಶ್ನೆಗೆ ವಾರ್ನರ್ ಬ್ರದರ್ಸ್ ಎಂದು ಬರೆಯುವುದು ಸುಲಭ. ಮೆಡೋಸ್‌ನ ಚಿತ್ರ ಮಾಡಿದ ವಾರ್ಪ್ ಫಿಲ್ಮ್ಸ್‌ನಂಥ ಸಣ್ಣ ಸಂಸ್ಥೆಯನ್ನು ನೋಡಿದರೆ ಉತ್ತರಕ್ಕೆ ಕಾಲು ನೆಲಕ್ಕೆ ತಾಗುತ್ತದೆ. ಇನ್ನೂ ಹತ್ತಿರದ ಉದಾಹರಣೆ ಕ್ರಿಸ್ಟೊಫರ್ ನೋಲನ್‌ನ 'ಫಾಲೋಯಿಂಗ್' (1998). ಲಂಡನ್ನಿನಲ್ಲಿ ಕಾಲೇಜು ದಿನಗಳ ಗೆಳೆಯರನ್ನು ಕಟ್ಟಿಕೊಂಡು, ಸುಮಾರು ಒಂದು ವರ್ಷ ಶನಿವಾರಗಳಲ್ಲಿ, ಕಪ್ಪುಬಿಳುಪು 16 ಎಂಎಂ ಫಿಲ್ಮಿನಲ್ಲಿ, ಇದ್ದ ಬೆಳಕಿನಲ್ಲೇ ತೆಗೆದದ್ದು. ಖರ್ಚು 6,000 ಡಾಲರ್ ಆಸುಪಾಸು. ಫಿಲ್ಮ್ ದುಬಾರಿಯಾದ್ದರಿಂದ ಮೊದಲನೆಯ ಅಥವಾ ಎರಡನೆಯ ಟೇಕಿನಲ್ಲೇ ಮುಗಿಯುವಷ್ಟು ರಿಹರ್ಸಲ್ ಮಾಡುತ್ತಿದ್ದರು. ಚಿತ್ರದ ಆರಂಭದಲ್ಲಿ ಕೈಗವಸು ತೊಟ್ಟ ಕೈಗಳು ಪೆಟ್ಟಿಗೆಯೊಂದರಲ್ಲಿನ ಚಿಲ್ಲರೆ ಸಾಮಾನುಗಳನ್ನು ತಡಕುತ್ತವೆ. ಯಾವ ಶಾಲೆಯ ಮೇಜಿನ ಮೇಲಾದರೂ ತೆಗೆಯಬಹುದಾದ ಶಾಟುಗಳವು.

ಮಾಡುವ ತಂಡಕ್ಕೆ ಕೊನೆಯದಾಗಿ ಒಂದು ಕ್ರಮ. ಮೊದಲ ಕರಡನ್ನು ಅಳಿಸಬೇಡಿ, ತಾರೀಕು ಹಾಕಿ ಇಟ್ಟುಕೊಳ್ಳಿ. ಕಥೆ ಗೊತ್ತಿಲ್ಲದ ಒಬ್ಬರನ್ನು ಕೂರಿಸಿ ತೋರಿಸಿ. ಚಿತ್ರ ಮುಗಿದೊಡನೆ "ಚೆನ್ನಾಗಿತ್ತಾ?" ಎನ್ನದೆ, "ಯಾರಿಗೆ ಏನಾಗಬಹುದು ಅನ್ನಿಸಿತು?" ಎಂದು ಕೇಳಿ. ಅವರು ಹೇಳಿದ್ದನ್ನು ಅವರ ಮಾತಿನಲ್ಲೇ ಬರೆದುಕೊಳ್ಳಿ, ನಡುವೆ ಬಾಯಿ ಹಾಕಿ ಕಥೆ ವಿವರಿಸಬೇಡಿ. ಮಾರನೆಯ ಕರಡಿಗೆ ಹೊಸಬರೊಬ್ಬರು ಬೇಕು. ಒಮ್ಮೆ ನೋಡಿದವರಿಗೆ ಕೆಟಲ್ ಎಲ್ಲಿದೆಯೆಂದು ಈಗಾಗಲೇ ಗೊತ್ತಿರುತ್ತದೆ.